ಹುಳಿ ಅಂಬಲಿಯೂ ಮನಸ್ಸಿನ ನೆಮ್ಮದಿಯೂ

ರಾಗಿ ಹಿಟ್ಟನ್ನು ನೀರಲ್ಲಿ ಕದಡಿ ರಾತ್ರಿಯಿಡೀ ಹುಳಿಯಲು ಬಿಟ್ಟು, ಬೆಳಿಗ್ಗೆ ಗಂಟಾಗದಂತೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯುವ ಅಂಬಲಿಗೆ ಈಗ ಹೊಸ ಮರ್ಯಾದೆ ಬಂದಿದೆ. ಹೊಟ್ಟೆಗೆ ತಂಪು ಎಂದಷ್ಟೇ ಕುಡಿಯುತ್ತಿದ್ದೆವು. ಆತಂಕ, ಖಿನ್ನತೆಗೂ ಅದೇ ಮದ್ದೆಂದು ಈಗ ಮೊಬೈಲು ಹೇಳುತ್ತಿದೆ.

ಮಾತಿಗೆ ಬುಡವೇ ಇಲ್ಲವೆಂದಲ್ಲ. ದೇಹದ ಸೆರೊಟೋನಿನ್‌ನಲ್ಲಿ ಶೇ 90ರಷ್ಟು ತಯಾರಾಗುವುದು ಕರುಳಿನಲ್ಲೇ. ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಜಾಹೀರಾತಿನವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುತ್ತಾರೆ.

ಕರುಳು ಮಿದುಳಿಗೆ ಸುದ್ದಿ ಮುಟ್ಟಿಸುವ ದಾರಿಗಳಲ್ಲಿ ವೇಗಸ್ ನರ ಮುಖ್ಯವಾದದ್ದು. 2011ರಲ್ಲಿ ಐರ್ಲೆಂಡಿನ ಕಾರ್ಕ್‌ನ ಜಾನ್ ಕ್ರಯಾನ್ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಜಾತಿಯ ಲ್ಯಾಕ್ಟೊಬ್ಯಾಸಿಲಸ್ ತಿನ್ನಿಸಿದಾಗ ಅವುಗಳ ಅಂಜಿಕೆ ತಗ್ಗಿತು. ಆ ನರವನ್ನು ಕತ್ತರಿಸಿದ ಇಲಿಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಎಂಥ ಅಚ್ಚುಕಟ್ಟಾದ ಪ್ರಯೋಗ! ಅದೇ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ ಮಾತ್ರ ಹುಸಿ ಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. 2017ರಲ್ಲಿ ಈ ಸಪ್ಪೆ ಫಲಿತಾಂಶವನ್ನೂ ಕಾರ್ಕ್‌ನವರೇ ಪ್ರಕಟಿಸಿದರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದೇ ಆಗ.

ಸ್ಟ್ಯಾನ್‌ಫರ್ಡ್‌ನ 2021ರ ಅಧ್ಯಯನ ತುಸು ಆಸೆ ಹುಟ್ಟಿಸುತ್ತದೆ. ಮೊಸರು, ಕೆಫೀರ್, ಕಿಮ್ಚಿ, ಕೊಂಬುಚದಂಥ ಹುಳಿಸಿದ ತಿನಿಸು-ಪಾನೀಯಗಳನ್ನು 10 ವಾರ ಧಾರಾಳವಾಗಿ ಸೇವಿಸಿದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ಖಿನ್ನರಾದ ಕೆಲವರಲ್ಲಿ ಉರಿಯೂತ ಹೆಚ್ಚಿರುತ್ತದೆ ಎನ್ನುವುದೂ ನಿಜ. ಆದರೆ ಇವೆರಡನ್ನೂ ಗಂಟು ಹಾಕಿ ಲೋಟದಲ್ಲಿ ನೆಮ್ಮದಿ ಮಾರುವುದು ಅವಸರವೇ.

ಇನ್ನು ನಮ್ಮ ಲೋಟಕ್ಕೆ ಬರೋಣ. ಕುದಿಸಿದಾಗ ಅಂಬಲಿಯ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ. ಹುಳಿ ಉಳಿಯುತ್ತದೆ, ರಾಗಿಯ ಕಬ್ಬಿಣಾಂಶ ಮೈಗೆ ಹತ್ತಲು ಅಡ್ಡಿಯಾಗುವ ಫೈಟೇಟ್ ತಗ್ಗಿರುತ್ತದೆ, ಜೀವಂತಿಕೆ ಹೋಗಿರುತ್ತದೆ. ಅದನ್ನು ಮರಳಿ ತರುವುದು ಮಜ್ಜಿಗೆ. ಆದ್ದರಿಂದ ಅಂಬಲಿ ಚೆನ್ನಾಗಿ ಆರುವವರೆಗೆ ಮಜ್ಜಿಗೆ ಬೆರೆಸಕೂಡದು. ಮಜ್ಜಿಗೆಯೂ ಮನೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಕಡೆದದ್ದಾದರೆ ಲೇಸು. ತಿಂಗಳುಗಟ್ಟಲೆ ಕೆಡದಂತೆ ಕಾಯಿಸಿ ಡಬ್ಬಿಗೆ ತುಂಬಿದ ಮಸಾಲೆ ಮಜ್ಜಿಗೆಯಲ್ಲಿ ಇಂಗು, ಕೊತ್ತಂಬರಿಯ ಘಮ ಇರಬಹುದು, ಬ್ಯಾಕ್ಟೀರಿಯಾ ಇರುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಲ್ಲಿ ಕಾಯಂ ಮನೆ ಮಾಡುವುದೂ ಅಪರೂಪ. ಹಬ್ಬಕ್ಕೊಮ್ಮೆ ಕುಡಿದರೆ ಪ್ರಯೋಜನವಿಲ್ಲ, ದಿನವೂ ಬೇಕು.

ಕೊಂಬುಚದ ಬಗ್ಗೆ ಹೇಳುವುದಾದರೆ, ಅಂಗಡಿಯ ಬಾಟಲಿಗಳಲ್ಲಿ ನನಗೆ ಹುಳಿಗಿಂತ ಸಕ್ಕರೆಯೇ ಮುಂದಾಗಿ ಸಿಗುತ್ತದೆ. ಕೊಳ್ಳುವ ಮುನ್ನ ಲೇಬಲ್ ಓದಿ. ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಯಾವ ಹುಳಿಯನ್ನು ನಂಬಿಯೂ ಅದನ್ನು ನಿಲ್ಲಿಸಬೇಡಿ. ಗುಳಿಗೆಯ ಜೊತೆಗೆ ಅಂಬಲಿಯನ್ನೂ ಕುಡಿಯಿರಿ, ರುಚಿಗೆ.