ಗಾಯಕ್ಕೆ ಶತ್ರುವಿನ ಸಹಿ ಬೇಕೇ?

ಪರಮವೀರ ಚಕ್ರದಿಂದ ಹಿಡಿದು ಸೇನಾ ಪದಕದವರೆಗೆ ನಮ್ಮ ಗಣರಾಜ್ಯ ಕೊಡುವ ಸೈನಿಕ ಗೌರವಗಳು ಹಲವು. ಅವುಗಳಲ್ಲಿ ಗಾಯಗೊಂಡವನಿಗೆಂದೇ ಇರುವುದು 1973ರಲ್ಲಿ ಸ್ಥಾಪನೆಯಾದ ಗಾಯದ ಪದಕ. ಬಿಳಿ ಪಟ್ಟಿ, ನಡುವೆ ಕೆಂಪು ಗೆರೆ. ಪರಾಕ್ರಮ ಪದಕ ಎಂಬ ಹೆಸರೂ ಅದಕ್ಕುಂಟು. ಹೆಸರಿನಲ್ಲಿ ಪರಾಕ್ರಮವಿದ್ದರೂ ಅದರ ನಿಯಮ ಪರಾಕ್ರಮವನ್ನು ಕೇಳುವುದಿಲ್ಲ. ಗುಂಡಿನ ಮಳೆಯಲ್ಲಿ ನುಗ್ಗಿ ಬಂಕರ್ ಹಿಡಿದವನಿಗೂ, ಹಿಂದಿನ ಸಾಲಿನಲ್ಲಿ ಅಡುಗೆಯ ಒಲೆ ಹೊತ್ತಿಸುತ್ತಿದ್ದಾಗ ಷೆಲ್ಲಿನ ಚೂರು ತಗುಲಿದವನಿಗೂ ಅದು ಒಂದೇ. ಸೇನೆಯವರಿಗಷ್ಟೇ ಮೀಸಲೂ ಅಲ್ಲ. ಪೊಲೀಸರು, ಗೃಹರಕ್ಷಕರು, ರೈಲ್ವೆ ರಕ್ಷಣಾ ಪಡೆಯವರು ಕೂಡ ಅರ್ಹರು. ಮೇಲು ಕೀಳೆನ್ನದ ಇಂಥ ಪದಕವನ್ನು ರೂಪಿಸಿದವರ ಮನಸ್ಸು ದೊಡ್ಡದು. ಆದರೆ ಅದೇ ನಿಯಮದಲ್ಲಿ ಒಂದು ಷರತ್ತಿದೆ. ಗಾಯ ಶತ್ರುವಿನ ನೇರ ಕೃತ್ಯದಿಂದಲೇ ಆಗಿರಬೇಕು. ನನ್ನ ತಕರಾರು ಆ ‘ನೇರ’ ಎಂಬ ಪದದ ಮೇಲೆ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು, 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಅದರಡಿ ಸಿಕ್ಕಿಬಿದ್ದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರನೆಯ ದಿನ ಜೀವಂತವಾಗಿ ಹೊರತೆಗೆದಾಗ ಕರ್ನಾಟಕವೆಲ್ಲ ಉಸಿರು ಹಿಡಿದು ಕಾದಿತ್ತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮರಣೋತ್ತರವಾಗಿ ಸೇನಾ ಪದಕ ಬಂತು. ಅದು ಸಲ್ಲಬೇಕಾದ ಗೌರವವೇ. ಆದರೆ ಅವರು ಬದುಕಿ, ಚಳಿಗೆ ಬೆರಳು ಕಳೆದುಕೊಂಡು, ಕಿಡ್ನಿ ಹಾಳಾದ ದೇಹ ಹೊತ್ತು ಊರಿಗೆ ಮರಳಿದ್ದರೆ? ಗಾಯದ ಪದಕದ ನಿಯಮವನ್ನು ಅಕ್ಷರಶಃ ಓದಿದರೆ ಅವರು ಅನರ್ಹರು. ಅವರ ಮೇಲೆ ಯಾರೂ ಗುಂಡು ಹಾರಿಸಿರಲಿಲ್ಲ. ಸಿಯಾಚಿನ್‌ನಲ್ಲಿ 1984ರಿಂದ ನಮ್ಮ ಪಡೆ ನಿಂತಿದೆ. 2003ರ ಕದನವಿರಾಮದ ನಂತರ ಅಲ್ಲಿ ತೋಪುಗಳು ಸುಮ್ಮನಾದವು, ಚಳಿ ಸುಮ್ಮನಾಗಲಿಲ್ಲ. ಶತ್ರುವಿನ ಗುಂಡಿಗಿಂತ ಹವಾಮಾನವೇ ಅಲ್ಲಿ ಹೆಚ್ಚು ಜನರನ್ನು ಕೊಂದಿದೆ. ಆ ಎತ್ತರದಲ್ಲಿ ಮನುಷ್ಯ ವಾಸಿಸುವುದಕ್ಕೆ ಎದುರಿಗೆ ಶತ್ರು ಇದ್ದಾನೆಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ. ಶತ್ರುವಿಗಾಗಿಯೇ ಅಲ್ಲಿ ನಿಲ್ಲಿಸಿ, ಅಲ್ಲಿ ಆದ ಗಾಯಕ್ಕೆ ಶತ್ರು ಕಾರಣನಲ್ಲ ಎನ್ನುವುದು ಯಾವ ತರ್ಕ?

ನಿಯಮ ತನ್ನೊಳಗೇ ಈ ತರ್ಕವನ್ನು ಮುರಿದುಕೊಂಡಿದೆ ಎಂಬುದನ್ನು ಗಮನಿಸಬೇಕು. ಶತ್ರುವಿನ ಹೊಡೆತಕ್ಕೆ ಆಕಾಶದಲ್ಲೇ ನಾಶವಾದ ವಿಮಾನದಿಂದ ಜಿಗಿಯುವಾಗ ಪೆಟ್ಟಾದ ವಾಯುಪಡೆಯವರು ಗಾಯದ ಪದಕಕ್ಕೆ ಅರ್ಹರು. ಅಂಥವನ ಕಾಲು ಮುರಿದದ್ದು ನೆಲಕ್ಕೆ ಬಡಿದು, ಕ್ಷಿಪಣಿಯಿಂದಲ್ಲ. ಆದರೂ ಆ ಪೆಟ್ಟಿನ ಹಿಂದೆ ಶತ್ರುವಿನ ಕೈಯಿದೆ ಎಂದು ನಿಯಮ ಒಪ್ಪಿದೆ, ಸರಿಯಾಗಿಯೇ ಒಪ್ಪಿದೆ. ಹಾಗಾದರೆ ಷೆಲ್ಲಿಂಗ್ ನಡೆಯುವಾಗ ಮರೆ ಹುಡುಕುತ್ತ ಕಮರಿಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಕಾಲಾಳಿಗೆ ಇದೇ ನ್ಯಾಯ ಏಕಿಲ್ಲ? ಪಿಂಚಣಿಯ ಕಾನೂನಂತೂ ಇನ್ನೂ ಮುಂದೆ ಹೋಗಿದೆ. ಗಡಿ ನಿಯಂತ್ರಣ ರೇಖೆಯಲ್ಲಿ ಗಸ್ತಿನಲ್ಲಿದ್ದಾಗ ವಿಪರೀತ ಚಳಿಗೆ ಹೃದಯ ನಿಂತು ಸತ್ತ ಯೋಧನ ಪತ್ನಿಗೆ ಉದಾರೀಕೃತ ಕುಟುಂಬ ಪಿಂಚಣಿ ಕೊಡಬೇಕೆಂದು ಸೇನಾ ನ್ಯಾಯಮಂಡಳಿ ಹೇಳಿತ್ತು. ಕೇಂದ್ರ ಸರ್ಕಾರ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ತಳ್ಳಿಹಾಕಿದ್ದಲ್ಲದೆ, ಆಕೆಯನ್ನು ಕೋರ್ಟಿಗೆ ಎಳೆದದ್ದಕ್ಕಾಗಿ ಸರ್ಕಾರ 50,000 ರೂಪಾಯಿ ಕೊಡಬೇಕೆಂದಿತು. ಸೇನೆಯ 2003ರ ಆದೇಶವೇ ಗಡಿರೇಖೆಯ ಮೇಲೆ ಹವಾಮಾನದಿಂದಾಗುವ ಕಾಯಿಲೆಯನ್ನು ‘ಬ್ಯಾಟಲ್ ಕ್ಯಾಶುವಲ್ಟಿ’, ಅಂದರೆ ಯುದ್ಧದ ಸಾವುನೋವುಗಳ ಪಟ್ಟಿಯಲ್ಲಿ ಸೇರಿಸಿತ್ತು. ಪಿಂಚಣಿಯ ಕಡತದಲ್ಲಿ ಚಳಿ ಯುದ್ಧದ ಭಾಗ. ಪದಕದ ಕಡತದಲ್ಲಿ ಅದೇ ಚಳಿ ಬರೀ ಹವಾಮಾನ. ಒಂದೇ ಸರ್ಕಾರ ಒಂದೇ ದೇಹವನ್ನು ಎರಡು ಅಳತೆಗೋಲಿನಿಂದ ಅಳೆಯುತ್ತಿದೆ.

ಈ ಮಾತು ರಾಯಚೂರು ಸೀಮೆಯ ಓದುಗರಿಗೆ ದೂರದ್ದಲ್ಲ. ಪದಕ ಕೊಡುವ ಗಣರಾಜ್ಯದ ಮುದ್ರೆಯೇ ಅಶೋಕನ ಸಿಂಹಗಳು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಕಲ್ಲಿನ ಮೇಲೆ ಹೆಸರು ಹಿಡಿದು ಹೇಳಿದ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯ ಗುಡ್ಡದಲ್ಲಿ, ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಬೀಡನ್ ಕಣ್ಣಿಗೆ. ಮಸ್ಕಿಯ ಕಲ್ಲು ಯುದ್ಧದ ಮಾತಾಡುವುದಿಲ್ಲ. ಕಳಿಂಗದ ಲೆಕ್ಕವಿರುವುದು ಅದೇ ಅರಸನ ಹದಿಮೂರನೆಯ ಬಂಡೆ ಶಾಸನದಲ್ಲಿ. ಅಲ್ಲಿ ಲಕ್ಷ ಜನ ಸತ್ತದ್ದಕ್ಕೂ ಮೊದಲು ಬರುವುದು ಒಂದೂವರೆ ಲಕ್ಷ ಜನ ನೆಲೆ ಕಳೆದುಕೊಂಡ ಲೆಕ್ಕ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಆರ್.ಎಚ್. ಕ್ಯಾಂಪುಗಳನ್ನು ತಮ್ಮ ಪಕ್ಕದಲ್ಲೇ ಕಂಡಿರುವ ಸಿಂಧನೂರಿನವರಿಗೆ ಆ ಸಾಲಿನ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ವಾದಕ್ಕೆ ಮುಖ್ಯವಾದದ್ದು ಮುಂದಿದೆ. ತಮಗೆ ಏನೂ ಆಗದೆ ಉಳಿದವರು ಕೂಡ ತಮ್ಮ ಗೆಳೆಯರಿಗೆ, ಬಂಧುಗಳಿಗೆ ಒದಗಿದ ವಿಪತ್ತಿನಿಂದ ನೋಯುತ್ತಾರೆ, ಅದೂ ಅವರಿಗಾದ ಪೆಟ್ಟೇ ಎಂದು ಆ ಶಾಸನ ಎಣಿಸುತ್ತದೆ. ಗೆದ್ದ ಅರಸ, ಸೋತವರ ಗಾಯವನ್ನು, ಕಣ್ಣಿಗೆ ಕಾಣದ ಗಾಯವನ್ನೂ ಸೇರಿಸಿ ಎಣಿಸಿದ. ಅವನ ಸಿಂಹಗಳನ್ನು ಮುದ್ರೆಯಾಗಿ ಇಟ್ಟುಕೊಂಡ ನಾವು ನಮ್ಮವನದೇ ಗಾಯವನ್ನು ಎಣಿಸುವಾಗ ಆಯುಧ ಯಾರದೆಂದು ಕೇಳುತ್ತಿದ್ದೇವೆ.

ನಮ್ಮ ನಾಡಿನ ಪರಂಪರೆಯೂ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಯಲ್ಲ. ಮುದಗಲ್ಲಿನ ಕೋಟೆಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದರು. ಲಿಂಗಸುಗೂರು ಮುಂದೆ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಛಾವಣಿಯಾಯಿತು. ಇಷ್ಟು ಯುದ್ಧ ಕಂಡ ಕನ್ನಡ ನಾಡು ಸತ್ತವನಿಗೆ ವೀರಗಲ್ಲು ನೆಟ್ಟಿತು, ಅವನ ಮನೆಯವರಿಗೆ ನೆತ್ತರುಕೊಡಗೆಯ ಹೊಲ ಕೊಟ್ಟಿತು. ಗೆದ್ದು ಬಂದ ತನ್ನ ಯೋಧ ಮಣಲೆರನಿಗೆ ಗಂಗರ ಅರಸ ಬೂತುಗ ಆತಕೂರನ್ನು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ದತ್ತಿಯಾಗಿ ಕೊಟ್ಟದ್ದು 949ರ ಶಾಸನದಲ್ಲಿದೆ. ಸಾಯದೆ, ಗೆಲ್ಲದೆ, ಕುಂಟುತ್ತ ಮನೆಗೆ ಬಂದವನಿಗೆ ಕಲ್ಲಿನಲ್ಲಿ ಜಾಗ ಬಹಳ ಕಡಿಮೆ. ಆ ಕೊರತೆಯನ್ನು ತುಂಬಲು ಹುಟ್ಟಿದ್ದೇ ಗಾಯದ ಪದಕ. ಅದಕ್ಕೇ ಅದರ ಬಾಗಿಲು ಕಿರಿದಾಗಿರುವುದು ನನಗೆ ಸಹಿಸಲಾಗದ ಮಾತು.

ಬಾಗಿಲು ಅಗಲವಾದರೆ ಪದಕದ ಬೆಲೆ ಇಳಿಯುತ್ತದೆ ಎಂಬ ಆಕ್ಷೇಪವನ್ನು ಪ್ರಾಮಾಣಿಕ ಸೈನಿಕರೇ ಎತ್ತುತ್ತಾರೆ, ಅದನ್ನು ಹಗುರವಾಗಿ ನೋಡಬಾರದು. ಪರಮವೀರ ಚಕ್ರ ಈವರೆಗೆ 21 ಮಂದಿಗಷ್ಟೇ ಸಂದಿದೆ; ಅದರ ಬೆಲೆಯಲ್ಲಿ ಆ ವಿರಳತೆಯ ಪಾಲೂ ಇದೆ. ಶೌರ್ಯವನ್ನು ತೂಗುವ ಪದಕಕ್ಕೆ ಅದು ತಕ್ಕದ್ದು. ಗಾಯದ ಪದಕ ಯಾರನ್ನೂ ತೂಗುವುದಿಲ್ಲ, ನಡೆದದ್ದನ್ನು ದಾಖಲಿಸುತ್ತದೆ. ದಾಖಲೆ ಪೂರ್ತಿಯಾದಷ್ಟೂ ಅದರ ಬೆಲೆ ಹೆಚ್ಚು. ಗುಂಡಿನ ಗುರುತು ಸುಳ್ಳು ಹೇಳದು, ಚಳಿ ಮತ್ತು ಮನಸ್ಸಿನ ಗಾಯಕ್ಕೆ ಪುರಾವೆ ಎಲ್ಲಿ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಅಮೆರಿಕದವರು ಈ ಕಷ್ಟವನ್ನು ಎದುರಿಸಿದ್ದಾರೆ. ಅವರ ಪರ್ಪಲ್ ಹಾರ್ಟ್ ಪದಕ ಹಿಮದಿಂದಾದ ಗಾಯವನ್ನು ಹೊರಗಿಡುತ್ತದೆ. ಯುದ್ಧದ ಆಘಾತದಿಂದಾಗುವ ಮಾನಸಿಕ ಕಾಯಿಲೆಯನ್ನೂ 2009ರಲ್ಲಿ ಹೊರಗಿಟ್ಟಿತು. ಆದರೆ ಸ್ಫೋಟದಿಂದ ಮಿದುಳಿಗಾಗುವ ಪೆಟ್ಟಿಗೆ 2011ರಲ್ಲಿ ವೈದ್ಯಕೀಯ ಮಾನದಂಡ ಬರೆದು ಒಳಗೆ ತಂದಿತು. 2020ರ ಜನವರಿಯಲ್ಲಿ ಇರಾಕಿನಲ್ಲಿ ಅಮೆರಿಕದ ಸೈನಿಕರಿದ್ದ ನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದಾಗ ಯಾರಿಗೂ ಏನೂ ಆಗಿಲ್ಲವೆಂದು ಮೊದಲು ಹೇಳಿದರು. ಆಮೇಲೆ ನೂರಕ್ಕೂ ಹೆಚ್ಚು ಮಂದಿಗೆ ಮಿದುಳಿನ ಪೆಟ್ಟಾದದ್ದು ತಿಳಿಯಿತು, ಹಲವರಿಗೆ ಪದಕವೂ ಸಂದಿತು. ಕಾಣದ ಗಾಯಕ್ಕೂ ಮಾನದಂಡ ಬರೆಯಬಹುದು ಎಂಬುದಕ್ಕೆ ಇದು ಸಾಕ್ಷಿ. ನಮ್ಮಲ್ಲಿ ಮೆಡಿಕಲ್ ಬೋರ್ಡ್ ಇದ್ದೇ ಇದೆ, ಪಿಂಚಣಿಗಾಗಿ ಅದು ದಿನವೂ ಮಾಡುವುದು ಇದೇ ಕೆಲಸ. ಶಾಂತಿಯ ಠಾಣೆಯಲ್ಲಿ ಬಂದ ಜ್ವರ, ಕುಡಿದು ಬೈಕಿನಿಂದ ಬಿದ್ದ ಪೆಟ್ಟು ಇವುಗಳಿಗೆ ಪದಕ ಬೇಡವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಮಾನಸಿಕ ಗಾಯದ ವಿಷಯದಲ್ಲಿ ಇಂಥ ಕಾರ್ಯಾಚರಣೆಯಿಂದಲೇ ಬಂತೆಂದು ಬೋರ್ಡ್ ಬರೆದುಕೊಟ್ಟಾಗ ಮಾತ್ರ ಪರಿಗಣಿಸಲಿ. ಅಷ್ಟು ಬಿಗಿ ನಾನೂ ಒಪ್ಪುತ್ತೇನೆ. ಸಿಯಾಚಿನ್‌ಗೆ ಬೇರೆ ಪದಕವಿದೆಯಲ್ಲ ಎಂದರೆ, ಅದು ಅಲ್ಲಿ ಸೇವೆ ಮಾಡಿದ್ದಕ್ಕೆ, ಕಳೆದುಕೊಂಡದ್ದಕ್ಕಲ್ಲ.

ಬದಲಾವಣೆಗೆ ದೊಡ್ಡ ಕಾಯ್ದೆ ಬೇಕಿಲ್ಲ. ರಕ್ಷಣಾ ಸಚಿವಾಲಯ ‘ಶತ್ರುವಿನ ನೇರ ಕೃತ್ಯದಿಂದ’ ಎಂಬುದರ ಜೊತೆಗೆ ‘ಅಥವಾ ಬ್ಯಾಟಲ್ ಕ್ಯಾಶುವಲ್ಟಿ ಎಂದು ದಾಖಲಾದ ಯಾವುದೇ ಗಾಯ’ ಎಂದು ಸೇರಿಸಿದರೆ ಪದಕದ ಕಡತವೂ ಪಿಂಚಣಿಯ ಕಡತವೂ ಒಂದೇ ಮಾತಾಡುತ್ತವೆ. ಅಲ್ಲಿಯವರೆಗೆ ಎಲ್ಲವೂ ಗಾಯವಾದ ದಿನ ಘಟಕ ಬರೆಯುವ ಮೊದಲ ವರದಿಯ ಮೇಲೆಯೇ ನಿಂತಿರುತ್ತದೆ. ಅದರಲ್ಲಿ ತಪ್ಪಿದ ಒಂದು ಸಾಲನ್ನು ತಿದ್ದಿಸಲು ಹೋರಾಡುವವನಿಗೆ ಕರ್ನಾಟಕದಲ್ಲಿ ಸೇನಾ ನ್ಯಾಯಮಂಡಳಿಯ ಸ್ವಂತ ಪೀಠವಿಲ್ಲ; ನಮ್ಮ ರಾಜ್ಯ ಸೇರಿರುವುದು ಕೊಚ್ಚಿಯ ಪೀಠದ ವ್ಯಾಪ್ತಿಗೆ. ಮಸ್ಕಿಯಿಂದ ಕೊಚ್ಚಿಗೆ ಕುಂಟುವ ಕಾಲಿನಲ್ಲಿ ಹೋಗಿಬರುವುದು ಸಣ್ಣ ಮಾತಲ್ಲ. ಆದ್ದರಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮಾಜಿ ಸೈನಿಕರಲ್ಲಿ, ಈಗಲೂ ಗಡಿಯಲ್ಲಿರುವವರ ಮನೆಯವರಲ್ಲಿ ಒಂದು ಕೋರಿಕೆ: ಡಿಸ್ಚಾರ್ಜ್ ಪುಸ್ತಕವನ್ನೂ ಮೆಡಿಕಲ್ ಬೋರ್ಡಿನ ಕಾಗದಗಳನ್ನೂ ಹೊರತೆಗೆದು, ಗಾಯದ ಕಾರಣ ಎಂಬಲ್ಲಿ ಏನು ಬರೆದಿದೆಯೆಂದು ಇವತ್ತೇ ಓದಿ ನೋಡಿ.