ಕರೆ ಬಂದವರ ಆಟ: ಮಹಿಳಾ ಗಾಲ್ಫ್ ನೋಡುವವರಿಗೊಂದು ಕೈಪಿಡಿ

ಗಾಲ್ಫ್ ನೋಡಲು ಕಲಿಯುವವರು ನೂರೈವತ್ತು ಜನ ಆಡುವ ದೊಡ್ಡ ಓಪನ್‌ನಿಂದ ಶುರು ಮಾಡಬಾರದು. ಮೂವತ್ತಾರೋ ಅರವತ್ತೋ ಆಟಗಾರ್ತಿಯರನ್ನು ಆರಿಸಿ ಕರೆದು, ನಾಲ್ಕು ದಿನವೂ ಯಾರನ್ನೂ ಹೊರಗೆ ಹಾಕದೆ ಆಡಿಸುವ ಸ್ಪರ್ಧೆಯಿಂದ ಶುರು ಮಾಡಬೇಕು. ಹತ್ತರಗಿ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ. ಜಾತ್ರೆಯ ಕುಸ್ತಿಗೆ ಕಮಿಟಿಯವರು ಪೈಲವಾನರನ್ನು ಕರೆಸಿ, ಮೈಕಟ್ಟು ನೋಡಿ, ಹಿಂದಿನ ಸೋಲು ಗೆಲುವು ಲೆಕ್ಕ ಹಾಕಿ ಜೋಡಿ ಕಟ್ಟುತ್ತಾರೆ. ಯಾರನ್ನು ಯಾಕೆ ಕರೆಸಿದ್ದಾರೆಂದು ಬಲ್ಲವನಿಗೆ ಮೊದಲ ಪಟ್ಟು ಬೀಳುವುದಕ್ಕೂ ಮುಂಚೆಯೇ ಕುಸ್ತಿ ಶುರುವಾಗಿರುತ್ತದೆ. ಮಹಿಳೆಯರ ವೃತ್ತಿಪರ ಗಾಲ್ಫ್ ಬೆಳೆದು ಬಂದದ್ದೇ ಇಂಥ ಕರೆಗಳ ಮೇಲೆ. ಆದ್ದರಿಂದ ಅದರ ರುಚಿ ಹತ್ತಬೇಕಾದರೆ ಅಂಕಪಟ್ಟಿಗಿಂತ ಮೊದಲು ಯಾರು ಯಾವ ದಾರಿಯಲ್ಲಿ ಕಣಕ್ಕೆ ಬಂದರು ಎಂಬುದನ್ನು ನೋಡಬೇಕು ಎನ್ನುವುದು ಇಲ್ಲಿಯ ವಾದ.

ಆಟದ ಲೆಕ್ಕ ಸರಳ. ದಿನಕ್ಕೆ ಹದಿನೆಂಟು ಹೋಲ್. ಪ್ರತಿ ಹೋಲ್‌ಗೂ ಮೂರು, ನಾಲ್ಕು ಅಥವಾ ಐದು ಹೊಡೆತದ ಒಂದು ಪಾರ್. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಕೊನೆಗೆ ಒಟ್ಟು ಹೊಡೆತ ಕಡಿಮೆ ಇದ್ದವರು ಗೆದ್ದರು. ತೊಡಕು ಇರುವುದು ಎಣಿಕೆಯಲ್ಲಲ್ಲ, ಜನಜಂಗುಳಿಯಲ್ಲಿ. ದೊಡ್ಡ ಓಪನ್‌ನಲ್ಲಿ ಎರಡು ದಿನ ಕಳೆದ ಮೇಲೆ ಕಟ್ ಬಿದ್ದು ಸುಮಾರು ಅರ್ಧ ಮಂದಿ ಊರಿಗೆ ಮರಳುತ್ತಾರೆ. ಹೊಸಬರು ಅಷ್ಟರಲ್ಲಿ ಹೆಸರು ಕಲಿತಿರುತ್ತಾರೆ, ಕಲಿತ ಹೆಸರೇ ಕಾಣೆಯಾಗಿರುತ್ತದೆ. ಮೆಕ್ಸಿಕೋದ ಲೊರೆನಾ ಒಚೋವಾ ತಮ್ಮ ಹೆಸರಿನಲ್ಲಿ 2008ರಲ್ಲಿ ಆರಂಭಿಸಿದ ಇನ್ವಿಟೇಷನಲ್‌ನಲ್ಲಿ, ಅಂದರೆ ಕರೆದು ಆಡಿಸುವ ಸ್ಪರ್ಧೆಯಲ್ಲಿ, ಈ ತೊಂದರೆ ಇರಲಿಲ್ಲ: 36 ಆಟಗಾರ್ತಿಯರು, ನಾಲ್ಕು ದಿನ, ಕಟ್ ಇಲ್ಲ. ಮೊದಲ ಕೆಲವು ವರ್ಷ ಅದು ನಡೆದದ್ದು ಅವರ ತವರಾದ ಗ್ವಾಡಲಹಾರದಲ್ಲಿ. ಆಗ ವಿಶ್ವದ ನಂಬರ್ ಒನ್ ಆಗಿದ್ದ ಆಟಗಾರ್ತಿ ಜಗತ್ತಿನ ಉಳಿದ ಒಳ್ಳೆಯವರನ್ನು ತಮ್ಮ ಊರಿನ ಜನರ ಮುಂದೆ ತಂದು ನಿಲ್ಲಿಸಿದ್ದರು. ಮೊದಲ ವರ್ಷ ಏಂಜೆಲಾ ಸ್ಟ್ಯಾನ್‌ಫರ್ಡ್ ಗೆದ್ದರು. 2009ರಲ್ಲಿ ಮಿಶೆಲ್ ವೀ ಅಮೆರಿಕದ ಮಹಿಳಾ ವೃತ್ತಿಪರ ಸರಣಿಯಾದ ಎಲ್‌ಪಿಜಿಎ ಟೂರ್‌ನ ತಮ್ಮ ಮೊದಲ ಗೆಲುವನ್ನು ಕಂಡದ್ದು ಇಲ್ಲೇ. 2010ರಲ್ಲಿ ಗೆದ್ದ ಕೊರಿಯಾದ ಇನ್-ಕ್ಯುಂಗ್ ಕಿಮ್ ಬಹುಮಾನದ 2,20,000 ಡಾಲರನ್ನೂ ದಾನಕ್ಕೆ ಕೊಟ್ಟುಬಿಟ್ಟರು. 2016ರಲ್ಲಿ ಕಾರ್ಲೋಟಾ ಸಿಗಾಂಡಾ ಗೆದ್ದ ಮೇಲೆ ಆ ರೂಪ ನಿಂತಿತು. ಮರುವರ್ಷ ಒಬ್ಬರಿಗೊಬ್ಬರು ಎದುರಾಗುವ ಮ್ಯಾಚ್ ಪ್ಲೇ ಆಡಿಸಿದರು.

ಕರೆದು ಆಡಿಸುವುದೆಂದರೆ ಬೇಕಾದವರಿಗೆ ಮಣೆ ಹಾಕುವುದಲ್ಲವೇ ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದು, ಪ್ರಾಯೋಜಕರ ಕೈಯಲ್ಲಿ ಒಂದೆರಡು ಜಾಗ ಇರುವುದೂ ನಿಜ. ಆದರೆ ಮಹಿಳೆಯರ ಮಟ್ಟಿಗೆ ಮುಚ್ಚಿದ ಬಾಗಿಲು ಯಾವುದಾಗಿತ್ತು ಎಂಬುದನ್ನೂ ನೋಡಬೇಕು. 1950ರಲ್ಲಿ ಹದಿಮೂರು ಆಟಗಾರ್ತಿಯರು ಸೇರಿ ಅಮೆರಿಕದಲ್ಲಿ ಎಲ್‌ಪಿಜಿಎ ಕಟ್ಟಿದಾಗ ದೊಡ್ಡ ಕ್ಲಬ್ಬುಗಳು ಗಂಡಸರ ಮನೆಗಳಾಗಿದ್ದವು. ಪುರುಷರ ಮಾಸ್ಟರ್ಸ್ ಸ್ಪರ್ಧೆ ನಡೆಸುವ ಆಗಸ್ಟಾ ನ್ಯಾಷನಲ್ ಕ್ಲಬ್ ಮಹಿಳೆಯರಿಗೆ ಸದಸ್ಯತ್ವ ಕೊಟ್ಟದ್ದು 2012ರಲ್ಲಿ; ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ರಾಯಲ್ ಆ್ಯಂಡ್ ಏನ್ಶಿಯಂಟ್ ಕ್ಲಬ್ ಮನಸ್ಸು ಮಾಡಿದ್ದು 2014ರಲ್ಲಿ. ಬೇರೆಯವರ ಅಂಗಳದಲ್ಲಿ ಜಾಗ ಸಿಗದವರು ತಮ್ಮದೇ ಅಂಗಳ ಮಾಡಿಕೊಂಡು ತಾವೇ ಕರೆಯಬೇಕಾಯಿತು. 1972ರಲ್ಲಿ ಗಾಯಕಿ, ಟಿವಿ ತಾರೆ ಡೈನಾ ಶೋರ್ ಹೆಸರಿನಲ್ಲಿ, ಕೋಲ್ಗೇಟ್ ಕಂಪನಿಯ ದುಡ್ಡಿನಲ್ಲಿ ಕ್ಯಾಲಿಫೋರ್ನಿಯಾದ ಮಿಶನ್ ಹಿಲ್ಸ್‌ನಲ್ಲಿ ಶುರುವಾದ ಸ್ಪರ್ಧೆ ಇದಕ್ಕೆ ದೊಡ್ಡ ಸಾಕ್ಷಿ. ಮೊದಲ ವರ್ಷವೇ ಒಟ್ಟು ಬಹುಮಾನ 1,10,000 ಡಾಲರ್. ಮಹಿಳಾ ಗಾಲ್ಫ್‌ನಲ್ಲಿ ಆಗ ಅದು ಕೇಳರಿಯದ ಮೊತ್ತ. ಗೆದ್ದವರು ಜೇನ್ ಬ್ಲೇಲಾಕ್. ಕರೆದು ಆಡಿಸಿದ ಸ್ಪರ್ಧೆ 1983ಕ್ಕೆ ಆಟದ ಅತಿ ದೊಡ್ಡ ಸ್ಪರ್ಧೆಗಳ ಸಾಲಿಗೆ ಸೇರಿ ಮೇಜರ್ ಪಟ್ಟ ಪಡೆಯಿತು. ಪ್ರಾಯೋಜಕರು ಬದಲಾದಂತೆ ಹೆಸರು ಬದಲಾಗಿ ಈಗ ಶೆವ್ರಾನ್ ಚಾಂಪಿಯನ್‌ಶಿಪ್ ಆಗಿದೆ, 2023ರಲ್ಲಿ ಟೆಕ್ಸಾಸ್‌ಗೆ ಸ್ಥಳವನ್ನೂ ಬದಲಿಸಿದೆ. ಪಕ್ಷಪಾತದಿಂದಲೇ ಹುಟ್ಟಿದ್ದಾಗಿದ್ದರೆ ಇಷ್ಟು ಎತ್ತರಕ್ಕೆ ಅದು ಬೆಳೆಯುತ್ತಿರಲಿಲ್ಲ.

ಈ ನೋಟಕ್ಕೆ ಕರ್ನಾಟಕದಲ್ಲಿ ಸಿಗುವ ಪುರಾವೆ ಬೆಂಗಳೂರಿನ ಅದಿತಿ ಅಶೋಕ್. 1998ರಲ್ಲಿ ಹುಟ್ಟಿ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಐದರ ವಯಸ್ಸಿಗೇ ಕೋಲು ಹಿಡಿದ ಅದಿತಿ 2016ರಲ್ಲಿ ವೃತ್ತಿಪರರಾದರು. ಅದೇ ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದು, ಯುರೋಪಿನ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಒಂದೇ ಹೊಡೆತದಿಂದ ಹಿಂದೆ ಬಿದ್ದವರಲ್ಲಿ ಬ್ರಿಟನಿ ಲಿನ್ಸಿಕಮ್ ಒಬ್ಬರು. ಮೇಲೆ ಹೇಳಿದ ಡೈನಾ ಶೋರ್ ಸ್ಪರ್ಧೆಯನ್ನು 2009ರಲ್ಲೂ 2015ರಲ್ಲೂ ಗೆದ್ದವರು. ಆದರೂ ದೇಶವಿಡೀ ಅದಿತಿಯನ್ನು ನೋಡಿದ್ದು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ. ಒಲಿಂಪಿಕ್ ಗಾಲ್ಫ್ ಹೆಸರಿಗೆ ಇನ್ವಿಟೇಷನಲ್ ಅಲ್ಲ, ರೂಪದಲ್ಲಿ ಮಾತ್ರ ಅದೇ: ಅರವತ್ತು ಮಂದಿ, ನಾಲ್ಕು ದಿನ, ಕಟ್ ಇಲ್ಲ. ಒಂದು ದೇಶಕ್ಕೆ ಇಷ್ಟೇ ಜಾಗವೆಂಬ ಮಿತಿ ಇರುವುದರಿಂದ ವಿಶ್ವ ಶ್ರೇಯಾಂಕದಲ್ಲಿ 200ನೆಯವರಾಗಿದ್ದ ಅದಿತಿಗೂ ಜಾಗ ಸಿಕ್ಕಿತು. ಹರಿಯಾಣದ ದೀಕ್ಷಾ ಡಾಗರ್‌ಗೆ ಬೇರೊಬ್ಬರು ಹಿಂದೆ ಸರಿದದ್ದರಿಂದ ಕೊನೆ ಗಳಿಗೆಯಲ್ಲಿ ಕರೆ ಬಂತು. ಬರಿಯ ಶ್ರೇಯಾಂಕ ಹಿಡಿದು ಮೊದಲ ಅರವತ್ತು ಜನರನ್ನು ಎಣಿಸಿದ್ದರೆ ಇಬ್ಬರೂ ಅಲ್ಲಿ ಇರುತ್ತಿರಲಿಲ್ಲ. ಹಾಗೆ ಕಣಕ್ಕೆ ಬಂದ ಅದಿತಿ 67, 66, 68, 68 ಆಡಿ ಒಟ್ಟು 269ಕ್ಕೆ ಮುಗಿಸಿ ನಾಲ್ಕನೆಯವರಾದರು. ಚಿನ್ನ ಗೆದ್ದ ನೆಲ್ಲಿ ಕೊರ್ಡಾ 267. ಬೆಳ್ಳಿ ಕಂಚಿಗೆ ಮರು ಆಟ ಆಡಿದ ಮೋನೆ ಇನಾಮಿ, ಲಿಡಿಯಾ ಕೋ 268. ಪದಕಕ್ಕೂ ಅದಿತಿಗೂ ನಡುವೆ ಇದ್ದದ್ದು ಒಂದೇ ಹೊಡೆತ.

ಆ ನಾಲ್ಕು ದಿನಗಳಲ್ಲಿ ನೋಡಲು ಕಲಿಯಬೇಕಾದ್ದು ಬಹಳ ಇತ್ತು. ದೂರ ಹೊಡೆಯುವುದರಲ್ಲಿ ಅದಿತಿ ಕೊನೆಯ ಸಾಲಿನವರು. ಅದೇ ಹೋಲ್‌ನಲ್ಲಿ ಕೊರ್ಡಾ ಚಿಕ್ಕ ಐರನ್ ಕೋಲಿನಿಂದ ಚೆಂಡನ್ನು ಗ್ರೀನ್‌ಗೆ, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಮೇಲೆ, ಎತ್ತಿ ಹಾಕಿದರೆ, ಬಹಳ ಹಿಂದೆ ನಿಂತ ಅದಿತಿ ಉದ್ದನೆಯ ಕೋಲನ್ನೇ ಹಿಡಿಯಬೇಕು. ಉದ್ದ ಕೋಲಿನಿಂದ ಬಂದ ಚೆಂಡು ಬಿದ್ದಲ್ಲಿ ನಿಲ್ಲುವುದು ಕಷ್ಟ. ಆ ಕೊರತೆಯನ್ನು ಅವರು ತುಂಬಿಕೊಂಡದ್ದು ಗ್ರೀನ್ ಮೇಲೆ, ಚೆಂಡನ್ನು ಗುಳಿಯತ್ತ ಉರುಳಿಸುವ ಪಟ್‌ನಿಂದ. ಆದ್ದರಿಂದ ಹೊಸ ರಸಿಕರು ಮೊದಲ ಹೊಡೆತಕ್ಕೆ ಬೆರಗಾಗುವುದನ್ನು ತುಸು ತಡೆದು, ಚೆಂಡು ಗ್ರೀನ್‌ಗೆ ಬಂದಾಗ ಗುಳಿಯ ಯಾವ ಬದಿಗೆ ನಿಂತಿತು ಎಂದು ನೋಡಬೇಕು. ಇಳಿಜಾರಿನ ಕೆಳಗೆ ನಿಂತರೆ ಮೇಲ್ಮುಖದ ಪಟ್, ಅಳುಕದೆ ಹೊಡೆಯಬಹುದು. ಮೇಲೆ ನಿಂತರೆ ಸೋಕಿದರೂ ಸಾಕು, ಗುಳಿ ದಾಟಿ ಓಡುತ್ತದೆ. ಕೆಳಬದಿಗೆ ಬರಲೆಂದೇ ಹೊಡೆದರೋ, ತಾನಾಗಿ ಬಂತೋ ಎಂದು ಊಹಿಸತೊಡಗಿದ ಕ್ಷಣದಿಂದ ಈ ಆಟ ನಿಧಾನ ಎಂಬ ದೂರು ಹಿಂದೆ ಸರಿಯುತ್ತದೆ. ಪುರುಷರಷ್ಟು ತೋಳ್ಬಲದ ಆಟ ಇಲ್ಲಿಲ್ಲವಾದ್ದರಿಂದ ಈ ಲೆಕ್ಕಾಚಾರ ಮಹಿಳೆಯರ ಆಟದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಇದು ಸಿರಿವಂತರ ಆಟ. 1876ರಲ್ಲೇ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ನಮ್ಮ ರಾಜ್ಯದಲ್ಲೇ ಇದ್ದರೂ ಹುಕ್ಕೇರಿ, ಗೋಕಾಕ ಸೀಮೆಯ ಹುಡುಗಿಗೆ ಅದರ ಹುಲ್ಲು ಇವತ್ತಿಗೂ ದೂರವೇ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದ ಮೂವರೂ ಕನ್ನಡನಾಡಿನವರು: ಅದಿತಿ, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಹೆಮ್ಮೆಯ ಮಾತೇ, ಆದರೆ ಮೂವರೂ ಗಾಲ್ಫ್ ಮೈದಾನವಿರುವ ಊರುಗಳವರು ಎಂಬುದನ್ನೂ ಅದೇ ಪಟ್ಟಿ ಹೇಳುತ್ತದೆ. ಆಡುವ ಅವಕಾಶದ ಅಸಮಾನತೆಗೆ ನೋಡುವ ಸುಖ ಪರಿಹಾರವಾಗದು. ಆದರೆ ನೋಡುವವರಿಲ್ಲದ ಆಟಕ್ಕೆ ಹೊಸ ಮೈದಾನವನ್ನು ಯಾರೂ ಕೇಳುವುದಿಲ್ಲ.

ಕಟ್ ಇಲ್ಲದಿದ್ದರೆ ಬಿರುಸು ತಗ್ಗುತ್ತದೆ ಎನ್ನುವವರು ಅದೇ ಹಾಂಗ್‌ಝೌ ಅಂಕಗಳನ್ನು ತೆಗೆದು ನೋಡಲಿ. ಮೂರನೆಯ ದಿನ 61 ಆಡಿದ ಅದಿತಿ ಏಳು ಹೊಡೆತ ಮುಂದಿದ್ದರು. ಕೊನೆಯ ದಿನವಾದ ಅಕ್ಟೋಬರ್ 1ರಂದು 77 ಆಡಿದರು. ಥಾಯ್ಲೆಂಡಿನ ಅರ್ಪಿಚಯಾ ಯುಬೋಲ್ ಎರಡು ಹೊಡೆತದಿಂದ ಚಿನ್ನ ಒಯ್ದರು, ಅದಿತಿಗೆ ಬಂದದ್ದು ಬೆಳ್ಳಿ. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಪದಕ ಅದು. ಟಿವಿ ಮುಂಚೂಣಿಯವರನ್ನಷ್ಟೇ ತೋರಿಸುವುದರಿಂದ ಇಂಥ ದಿನ ಮೊಬೈಲಿನಲ್ಲಿ ಅಂಕಪಟ್ಟಿ ತೆರೆದಿಟ್ಟುಕೊಂಡು, ನಾಲ್ಕೈದು ಹೊಡೆತ ಹಿಂದಿರುವ ಒಬ್ಬರನ್ನು ಆರಿಸಿ, ಅವರ ಹೋಲ್‌ಗಳನ್ನೂ ಒಂದೊಂದಾಗಿ ಹಿಂಬಾಲಿಸುವುದು ಒಳ್ಳೆಯದು.