ಅರುಣ್ ಸರಿನ್: ದಿಕ್ಕು ಬಲ್ಲವರು ತೆತ್ತ ಬೆಲೆ

2007ರ ಸೆಪ್ಟೆಂಬರ್‌ನಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್ ನಾಯಿ ಗುಲಾಬಿ ಗೂಡು ಬಿಟ್ಟು ಕೆಂಪು ಗೂಡು ಸೇರಿತು. ಕರ್ನಾಟಕದ ಹಚ್ ಗ್ರಾಹಕರೆಲ್ಲ ವೊಡಾಫೋನ್ ಗ್ರಾಹಕರಾದರು. ಹಚ್ ಅನ್ನು ವೊಡಾಫೋನ್ ಕೊಂಡ ಆ ಖರೀದಿಯ ಹಿಂದಿದ್ದವರು ಅದರ ಆಗಿನ ಮುಖ್ಯ ಕಾರ್ಯನಿರ್ವಾಹಕ ಅರುಣ್ ಸರಿನ್. ಮಾರುಕಟ್ಟೆ ಯಾವ ಕಡೆ ಹೊರಳುತ್ತದೆಂದು ಬಲ್ಲ ಈ ಸಮರ್ಥ ಆಡಳಿತಗಾರರಿಗೆ ಆ ಮಾರುಕಟ್ಟೆಯ ಒಳಮನೆ ಅಷ್ಟಾಗಿ ದಕ್ಕಲಿಲ್ಲ ಎಂಬುದು ನನ್ನ ನಿಲುವು.

ಪಚ್ಮಢಿಯಲ್ಲಿ ಹುಟ್ಟಿ, ಖರಗ್‌ಪುರದ ಐಐಟಿಯಲ್ಲಿ ಓದಿ, ಬರ್ಕ್ಲಿಯಲ್ಲಿ ಎಂಬಿಎ ಮಾಡಿದ ಸರಿನ್ 1984ರಲ್ಲಿ ಅಮೆರಿಕದ ದೂರವಾಣಿ ಕಂಪನಿ ಪೆಸಿಫಿಕ್ ಟೆಲಿಸಿಸ್ ಸೇರಿದರು. ಅದರಿಂದ ಕವಲೊಡೆದ ಏರ್‌ಟಚ್ ಕಂಪನಿಯನ್ನು 1999ರಲ್ಲಿ ವೊಡಾಫೋನ್ ಕೊಂಡಾಗ ಅವರೂ ವೊಡಾಫೋನ್ ನಿರ್ದೇಶಕ ಮಂಡಳಿಗೆ ಬಂದರು. 2003ರಲ್ಲಿ ಮುಖ್ಯ ಕಾರ್ಯನಿರ್ವಾಹಕರಾದರು.

ಅವರಿಗೆ ಸಿಕ್ಕಿದ್ದು ವಿಪರೀತ ಬೆಲೆ ಕೊಟ್ಟು ಕಟ್ಟಿದ ಸಾಮ್ರಾಜ್ಯ. 2000ದಲ್ಲಿ ಜರ್ಮನಿಯ ಮಾನೆಸ್‌ಮನ್ ಕಂಪನಿಯನ್ನು ಕೊಳ್ಳಲು ವೊಡಾಫೋನ್ ತೆತ್ತ ಮೊತ್ತದ ಒಂದು ಪಾಲು ಹುಸಿ ಮೌಲ್ಯ ಎಂಬುದನ್ನು 2006ರ ಲೆಕ್ಕಪತ್ರ ಒಪ್ಪಿಕೊಂಡಿತು. ಆ ವರ್ಷದ ನಷ್ಟ ಸುಮಾರು 2,200 ಕೋಟಿ ಪೌಂಡ್. ಬ್ರಿಟಿಷ್ ಕಂಪನಿಯೊಂದು ಅದುವರೆಗೆ ಕಂಡಿರದಷ್ಟು ದೊಡ್ಡದು. ಲೆಕ್ಕವನ್ನು ಬಯಲಿಗಿಟ್ಟ ಧೈರ್ಯಕ್ಕಾಗಿ ಸರಿನ್ ಅವರನ್ನು ಮೆಚ್ಚಬೇಕು. ಆದರೆ ಮಾನೆಸ್‌ಮನ್ ಖರೀದಿಯ ಹೊತ್ತಿಗೆ ಮಂಡಳಿಯಲ್ಲಿ ಅವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಜಪಾನಿನಲ್ಲಾದ ಸೋಲು ಇನ್ನಷ್ಟು ಕಲಿಸುತ್ತದೆ. ಕ್ಯಾಮೆರಾ ಫೋನನ್ನು ಜನಪ್ರಿಯಗೊಳಿಸಿದ್ದ ಜೆ-ಫೋನ್ ಅಲ್ಲಿ ವೊಡಾಫೋನ್ ತೆಕ್ಕೆಗೆ ಬಂದಿತ್ತು. ಎಲ್ಲ ದೇಶಗಳಿಗೂ ಒಂದೇ ಬಗೆಯ ಫೋನ್ ಎಂಬ ಹಟಕ್ಕೆ ಬಿದ್ದ ಕಂಪನಿ, ತಾಂತ್ರಿಕವಾಗಿ ಮುಂದಿದ್ದ ಜಪಾನಿ ಗ್ರಾಹಕರ ರುಚಿಯನ್ನು ಕಡೆಗಣಿಸಿತು. ಗ್ರಾಹಕರು ಜಾರಿದರು. 2006ರಲ್ಲಿ ವ್ಯವಹಾರವನ್ನು ಸಾಫ್ಟ್‌ಬ್ಯಾಂಕ್‌ಗೆ ಮಾರಿದ್ದು ವಿವೇಕದ ನಡೆಯೇ. ಆ ಸ್ಥಿತಿಗೆ ತಂದಿದ್ದು ಕೇಂದ್ರ ಕಚೇರಿಯ ಕಿವುಡುತನ.

ಭಾರತದತ್ತ ತಿರುಗಿದ್ದು ಸರಿನ್ ಅವರ ದೂರದೃಷ್ಟಿ. ಹಚ್ ನಡೆಸುತ್ತಿದ್ದ ಹಚಿಸನ್ ಎಸ್ಸಾರ್‌ನ ಶೇ 67ರಷ್ಟು ಪಾಲಿಗೆ ಸುಮಾರು 1,100 ಕೋಟಿ ಡಾಲರ್ ಕೊಟ್ಟರು. ಬಳಿಕ ಈ ಖರೀದಿಯ ಮೇಲೆ ಎದುರಾದ ತೆರಿಗೆ ವ್ಯಾಜ್ಯದ ಹೊರೆಯನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. 2012ರಲ್ಲಿ ಸುಪ್ರೀಂ ಕೋರ್ಟೇ ಕಂಪನಿಯ ಪರ ತೀರ್ಪಿತ್ತಿತು. ಆ ಬಳಿಕ ತೆರಿಗೆ ಕಾಯ್ದೆಗೆ ಪೂರ್ವಾನ್ವಯ ತಿದ್ದುಪಡಿ ತಂದದ್ದು ಸರ್ಕಾರ. ನಿಜವಾದ ತಪ್ಪು ಬೇರೆ: ಚಂದಾದಾರರ ಸಂಖ್ಯೆ ಏರಿದಂತೆ ಲಾಭವೂ ಏರುತ್ತದೆಂದು ನಂಬಿ ಬೆಲೆ ಕಟ್ಟಿದ್ದು. ಹೊಸ ಕಂಪನಿಗಳು ನುಗ್ಗಿ, ಕರೆಗೆ ಸೆಕೆಂಡ್ ಲೆಕ್ಕದ ದರ ಬಂತು. 2010ರಲ್ಲಿ ವೊಡಾಫೋನ್ ತನ್ನ ಭಾರತೀಯ ವ್ಯವಹಾರದ ಮೌಲ್ಯವನ್ನು 230 ಕೋಟಿ ಪೌಂಡ್ ಇಳಿಸಿಕೊಂಡಿತು. ಸರಿನ್ 2008ರಲ್ಲೇ ನಿವೃತ್ತರಾಗಿದ್ದರು.

ಸಿಸ್ಕೊ, ಚಾರ್ಲ್ಸ್ ಶ್ವಾಬ್, ಸೇಫ್‌ವೇ, ಅಕ್ಸೆಂಚರ್‌ಗಳ ಮಂಡಳಿಗಳು ಅವರಿಗೆ ಕುರ್ಚಿ ಕೊಟ್ಟವು. ದುಬಾರಿ ಖರೀದಿಯ ಗಾಯ ಕಂಡವರು ಅಲ್ಲಿರುವುದು ಒಳ್ಳೆಯದೇ. ಆದರೆ ಖರೀದಿಗೆ ಕೈಯೆತ್ತಿದವರು ಫಲ ಕಾಣುವ ಮೊದಲೇ ಗೌರವದಿಂದ ಹೊರಡುವ ವ್ಯವಸ್ಥೆ ಸರಿಯಲ್ಲ. ಕಾರ್ಯನಿರ್ವಾಹಕರ ಸಂಭಾವನೆಯ ದೊಡ್ಡ ಪಾಲು ಖರೀದಿಯಾದ ಐದಾರು ವರ್ಷಗಳ ನಂತರದ ಗಳಿಕೆಗೆ ಕಟ್ಟುಬೀಳಬೇಕು. ಹಾಗಿದ್ದಿದ್ದರೆ ಸರಿನ್ ಅವರ ಚುರುಕು ಕಣ್ಣು ನಕಾಶೆಯ ಜೊತೆಗೆ ಗ್ರಾಹಕರ ಜೇಬನ್ನೂ ನೋಡುತ್ತಿತ್ತು.